ಮಾವ ಎರಡು ಸಲ ನಕ್ಕರು

ಖಿಯೆಮ್ ಸಿಕ್ಕಿಹಾಕಿಕೊಂಡದ್ದು ಗಲ್ಲಿಯ ಚಹಾದಂಗಡಿಯಲ್ಲಿ. ಹೆಂಡತಿ ಲಿಯೂ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಅದೇ ವಾರ ಅವಳ ಅಪ್ಪನ ವರ್ಷದ ತಿಥಿ. ಅಡುಗೆಯನ್ನು ಹೋಟೆಲಿನಿಂದ ತರಿಸಿಬಿಡು ಎಂದು ಎಲ್ಲರೂ ಹೇಳಿದರು.

"ತರಿಸೋದ್ಯಾಕೆ? ಮಾವನಿಗೆ ಇಷ್ಟ ಇದ್ದಿದ್ದು ಎರಡೇ. ಹಬೆಯಲ್ಲಿ ಬೇಯಿಸಿದ ಹಂದಿಮಾಂಸದ ಬನ್ನು, ಕೆಂಡದಲ್ಲಿ ಸುಟ್ಟ ಮಾಂಸದ ಜೊತೆ ಶ್ಯಾವಿಗೆ. ಎರಡನ್ನೂ ನಾನೇ ಮಾಡ್ತೀನಿ" ಎಂದುಬಿಟ್ಟ ಖಿಯೆಮ್. ಮನೆಮನೆಯ ಕರೆಂಟ್ ಮೀಟರ್ ಓದುವ ಈ ಮನುಷ್ಯ ಅದುವರೆಗೆ ಒಲೆಯ ಮೇಲೆ ಇಟ್ಟದ್ದು ಬರೀ ನೀರು.

ಆ ಮಾತು ಹನೋಯ್‌ನ ಗಲ್ಲಿಯಿಂದ ಹೊರಟು ನಾಮ್ ದಿನ್ ಊರಿನಲ್ಲಿದ್ದ ಅತ್ತೆಯ ಕಿವಿಗೆ ಅಂದೇ ಸಂಜೆ ಮುಟ್ಟಿತು. ತಿಥಿಯ ಹಿಂದಿನ ದಿನ ಅತ್ತೆ ದೊಡ್ಡ ಚೀಲ ಹಿಡಿದು ಬಂದಿಳಿದರು.

"ಎಲ್ಲಾ ಅಚ್ಚುಕಟ್ಟಾಗಿ ಆದ್ರೆ ನಾಳೆ ನಾಲ್ಕು ಗಂಟೆ ಬಸ್ಸಿಗೆ ಹೊರಡ್ತೀನಿ ಅಳಿಯಂದ್ರೇ. ಆಗ್ಲಿಲ್ಲ ಅನ್ನಿ, ನಿಮಗೆ ಅಡುಗೆ ಕಲಿಸಿಯೇ ಹೋಗೋದು."

ಖಿಯೆಮ್ ಮಂಚದ ಕಡೆ ನೋಡಿದ. ಇದ್ದದ್ದು ಒಂದೇ ಕೋಣೆ, ಒಂದೇ ಮಂಚ. ಅತ್ತೆ ಬಂದರೆ ಮಂಚ ತಾಯಿ ಮಗಳಿಗೆ, ಊಟದ ಮೇಜಿನ ಅಡಿ ಅಳಿಯನಿಗೆ. ಹೋದ ಸಲ ಒಂದು ವಾರಕ್ಕೆಂದು ಬಂದವರು ಮಳೆಗಾಲ ಮುಗಿಸಿಕೊಂಡು ಹೋಗಿದ್ದರು. ಬೆಳಿಗ್ಗೆ ಎದ್ದವನೇ ಖಿಯೆಮ್ ಮಾಡಿದ ಮೊದಲ ಕೆಲಸ, ಅತ್ತೆಯ ಚೀಲವನ್ನು ಬಾಗಿಲ ಪಕ್ಕಕ್ಕೆ ತಂದಿಟ್ಟದ್ದು.

ಚಳಿ ಮುಗಿದು, ಗಾಳಿಯ ತೇವಕ್ಕೆ ಗೋಡೆ, ನೆಲ ಎಲ್ಲವೂ ಬೆವರುವ ಕಾಲ ಅದು. ಬನ್ನಿನ ಹಿಟ್ಟು ಕಲಸಿ ಮುಚ್ಚಿಟ್ಟು ಖಿಯೆಮ್ ಮಾಂಸ ಕೊಚ್ಚಲು ಕೂತ. ಮೇಲಿನ ಮನೆಯ ತೋಮ್ ಅಜ್ಜಿ ಕೇಳದೆಯೇ ಒಳಗೆ ಬಂದು ಮುಚ್ಚಳ ತೆಗೆದು ನೋಡಿದರು.

"ಈ ಥಂಡಿಗೆ ಹಿಟ್ಟು ಉಬ್ಬುತ್ತೇನೋ ಮಗಾ?" ಎಂದು ಇನ್ನೊಂದು ಚಮಚ ಯೀಸ್ಟ್ ಹಾಕಿ ಹೋದರು. ಎದುರು ಮನೆಯ ಕ್ವೀ ಮಾಮ ರಿಟೈರ್ ಆದ ಮೇಷ್ಟರು. ಅವರೂ ಬಂದು ನೋಡಿದರು, ತಲೆಯಾಡಿಸಿದರು, ತಮ್ಮ ಲೆಕ್ಕದ ಒಂದು ಚಮಚ ಹಾಕಿದರು. ಅತ್ತೆ ಯಾರಿಗೂ ಹೇಳದೆ ಹಾಕಿದ್ದು ಗೊತ್ತಾದದ್ದು ಹಿಟ್ಟು ಮುಚ್ಚಳ ತಳ್ಳಿಕೊಂಡು ಮೇಜಿನ ಮೇಲೆ ಇಳಿದಾಗ.

ಹೇಗೋ ಹಿಡಿದು ಬನ್ನು ಕಟ್ಟಿ ಹಬೆಗೆ ಇಟ್ಟದ್ದಾಯಿತು. ಮುಚ್ಚಳ ತೆಗೆದರೆ ಅಷ್ಟೂ ಬನ್ನು ಒಂದಕ್ಕೊಂದು ತಬ್ಬಿಕೊಂಡು ತಲೆದಿಂಬಿನಷ್ಟು ದಪ್ಪದ ಒಂದೇ ಬನ್ನಾಗಿ ಕೂತಿತ್ತು. ಬಿರಿದ ಕಡೆಯಲ್ಲೆಲ್ಲ ಒಳಗಿಟ್ಟ ಗೌಜಲಕ್ಕಿಯ ಪುಟ್ಟ ಮೊಟ್ಟೆ ಇಣುಕುತ್ತಿತ್ತು.

"ಇದೇನ್ರೀ, ನಮ್ಮನ್ನೇ ನೋಡ್ತಿದೆ!" ಎಂದಳು ಲಿಯೂ.

"ದಾರ ತಗೊಂಡು ಕೊಯ್ಯಿ. ನಿಮ್ಮ ಮಾವನಿಗೆ ಹಲ್ಲಿರಲಿಲ್ಲ, ಮೆತ್ತಗಿದ್ರೆ ಸಾಕು" ಎಂದು ಕ್ವೀ ಮಾಮ ಧೈರ್ಯ ಹೇಳಿದರು.

ಬಾಲ್ಕನಿಯಲ್ಲಿ ಇದ್ದಿಲು ಹತ್ತಲಿಲ್ಲ. ಇದ್ದಿಲೂ ಬೆವರಿತ್ತು. ಖಿಯೆಮ್ ಬೀಸಣಿಗೆ ಬೀಸಿ ಬೀಸಿ ತೋಳು ಸೋತಾಗ ಮಾಮ ತಮ್ಮ ಮನೆಯ ಟೇಬಲ್ ಫ್ಯಾನ್ ತಂದು ಜೋರಾಗಿ ತಿರುಗಿಸಿದರು. ಇದ್ದಿಲು ಧಗ್ಗೆಂದಿತು. ಜಾಲರಿಯಲ್ಲಿದ್ದ ಮಾಂಸದ ಕೊಬ್ಬು ಕೆಂಡಕ್ಕೆ ಚುರ್ರೆಂದು ಬಿದ್ದು, ಹೊಗೆಯೆಲ್ಲ ಎದ್ದು ಮೂರು ದಿನದಿಂದ ಒಣಗದೆ ನೇತಾಡುತ್ತಿದ್ದ ತೋಮ್ ಅಜ್ಜಿಯ ಬಟ್ಟೆಗಳ ಒಳಹೊಕ್ಕಿತು.

"ಏಯ್ ಖಿಯೆಮ್! ನನ್ನ ಪೈಜಾಮಕ್ಕೆಲ್ಲ ಬೆಳ್ಳುಳ್ಳಿ ವಾಸ್ನೆ ಕಣೋ!"

"ನಾನೇ ಒಗೆದುಕೊಡ್ತೀನಿ ಅಜ್ಜಿ!"

ಆಮೇಲೆ ಅಜ್ಜಿ ಬಟ್ಟಲು ಹಿಡಿದುಕೊಂಡೇ ಇಳಿದು ಬಂದರು. ಅಷ್ಟು ಒಳ್ಳೆಯ ವಾಸನೆ ಅದು. ಅತ್ತೆ ಕೂಡ ಮೂಗರಳಿಸಿ, ಅಳಿಯನನ್ನು ಮೇಲಿನಿಂದ ಕೆಳಗಿನವರೆಗೆ ಹೊಸದಾಗಿ ನೋಡಿದರು. ನಾಲ್ಕು ಗಂಟೆ ಬಸ್ಸು ಖಾತ್ರಿಯಾಯಿತೆಂದು ಖಿಯೆಮ್ ಒಳಗೊಳಗೇ ಕುಣಿದ.

ಹನ್ನೊಂದಕ್ಕೆ ಹಿರಿಯರ ಪೀಠದ ಮೇಲೆ ಮಾವನ ಫೋಟೋದ ಮುಂದೆ ಎಡೆ ಸಿದ್ಧವಾಯಿತು: ಬನ್ನಿನ ತುಂಡು, ಶ್ಯಾವಿಗೆ, ಮಾಂಸ, ಸೊಪ್ಪು, ಮೀನುಸಾಸಿನ ತಿಳಿಸಾರು. ಊದುಬತ್ತಿ ಮಾತ್ರ ಹತ್ತಲಿಲ್ಲ. ಕ್ವೀ ಮಾಮ ಓಡಿಹೋಗಿ ತಮ್ಮ ಮನೆಯಿಂದ ಸುರುಳಿ ಊದುಬತ್ತಿ ತಂದರು. ಖಿಯೆಮ್ ಹಚ್ಚಿ, ನೇತುಹಾಕಿ, ಭಕ್ತಿಯಿಂದ ಕೈಮುಗಿದ.

"ರೀ, ಏನ್ ಮಾಡಿದ್ರಿ? ಅದು ದೇವಸ್ಥಾನದ ಸುರುಳಿ. ಒಂದು ಹಗಲು, ಒಂದು ರಾತ್ರಿ ಉರಿಯುತ್ತೆ" ಎಂದಳು ಲಿಯೂ.

"ಬತ್ತಿ ಆರೋತನಕ ಅವರು ಊಟ ಮಾಡ್ತಿರ್ತಾರೆ. ಯಾರೂ ಎಡೆ ಮುಟ್ಟಬೇಡಿ" ಎಂದರು ಅತ್ತೆ. ಬತ್ತಿ ಆರಿಸುವ ಮಾತೇ ಇಲ್ಲ. ಉಣ್ಣುವವರ ತುತ್ತು ಕಿತ್ತುಕೊಂಡ ಹಾಗಾಗುತ್ತದೆ.

ಒಂದು ಗಂಟೆಯಾಯಿತು. ಮಾಂಸದ ಮೇಲೆ ಕೊಬ್ಬು ಹೆಪ್ಪುಗಟ್ಟಿತು. ಎರಡಾಯಿತು. ಅಜ್ಜಿ ಬಟ್ಟಲು ಹಿಡಿದು ತೂಕಡಿಸುತ್ತಿದ್ದರು. ಬತ್ತಿ ಹೊರಸುತ್ತನ್ನೇ ಮುಗಿಸಿರಲಿಲ್ಲ. ಅತ್ತೆ ಉಣ್ಣದೆ ಹೊರಡುವವರಲ್ಲ.

"ಅತ್ತೆ, ನಾಣ್ಯ ಹಾಕಿ, ಊಟ ಆಯ್ತಾ ಅಂತ ಮಾವನನ್ನೇ ಕೇಳಿಬಿಡಿ" ಎಂದ ಖಿಯೆಮ್, ದಾರಿ ಹೊಳೆದ ಖುಷಿಯಲ್ಲಿ.

ಅತ್ತೆ ತಟ್ಟೆಯಲ್ಲಿ ಒಂದು ಬದಿಗೆ ಕೆಂಪು ಬಳಿದ ಎರಡು ನಾಣ್ಯ ಹಿಡಿದು, ಕಣ್ಣು ಮುಚ್ಚಿ, ತುಟಿಯಲ್ಲೇ ಏನೋ ಕೇಳಿ ಬೀಳಿಸಿದರು. ಎರಡೂ ಬಿಳಿ ಬದಿ ಮೇಲೆ.

"ನಕ್ಕರು" ಎಂದರು ಮಾಮ. ಎರಡೂ ಬಿಳಿ ಬಿದ್ದರೆ ಸತ್ತವರು ನಕ್ಕರೆಂದೇ ಅರ್ಥ, ಒಪ್ಪಿದರೆಂದಲ್ಲ. ಒಪ್ಪಿಗೆಗೆ ಒಂದು ಬಿಳಿ, ಒಂದು ಕೆಂಪು ಬೀಳಬೇಕು. ಅತ್ತೆ ಮತ್ತೆ ಗುನುಗಿ ಬೀಳಿಸಿದರು. ಮತ್ತೆ ಎರಡೂ ಬಿಳಿ. ಮೂರನೆಯ ಸಲ ಖಿಯೆಮ್ ತಟ್ಟೆಯ ಮೇಲೆ ಬಗ್ಗಿ ನೋಡಿದ. ಒಂದು ಬಿಳಿ, ಒಂದು ಕೆಂಪು.

"ಒಪ್ಪಿದ್ರು!" ಎಂದು ಎಲ್ಲರೂ ಒಟ್ಟಿಗೇ ಕೂಗಿದರು. ಎಡೆ ಕೆಳಗಿಳಿಯಿತು, ಬಟ್ಟಲುಗಳು ತುಂಬಿದವು. ತಣ್ಣಗಿದ್ದರೂ ರುಚಿಗೆ ಸಾಟಿಯಿರಲಿಲ್ಲ. ಅಜ್ಜಿ ಪೈಜಾಮದ ವಿಷಯವನ್ನೇ ಮರೆತರು.

"ಅತ್ತೆ, ಬಸ್ಸಿಗೆ ಹೊತ್ತಾಗುತ್ತೆ. ಬೇಗ ಬೇಗ ಊಟ ಮಾಡಿ" ಎಂದ ಖಿಯೆಮ್, ಮುಖದಲ್ಲಿ ಆದಷ್ಟು ದುಃಖ ತಂದುಕೊಂಡು.

"ಯಾವ ಬಸ್ಸು?" ಅತ್ತೆ ನಿಧಾನವಾಗಿ ಇನ್ನೊಂದು ತುಂಡು ಮಾಂಸ ಎತ್ತಿಕೊಂಡರು. "ಇಷ್ಟು ಚೆನ್ನಾಗಿ ಅಡುಗೆ ಮಾಡೋ ಅಳಿಯನ್ನ ಬಿಟ್ಟು ಆ ಊರಲ್ಲಿ ನಾನೊಬ್ಬಳೇ ಗಂಜಿ ಬೇಯಿಸ್ಕೊಂಡು ಯಾಕಿರಲಿ? ಅದನ್ನೇ ಅವರನ್ನ ಕೇಳಿದೆ. ಒಂದು ತಿಂಗಳು ಇರಲಾ ಅಂದೆ, ನಕ್ಕರು. ಹೊಸ ವರ್ಷದ ತನಕ ಇರಲಾ ಅಂದೆ, ಅದಕ್ಕೂ ನಕ್ಕರು. ಇಲ್ಲೇ ಇದ್ದುಬಿಡಲಾ ಅಂದೆ ನೋಡಿ, ಒಪ್ಪಿಬಿಟ್ರು."

ಖಿಯೆಮ್ ಎತ್ತಿದ ಶ್ಯಾವಿಗೆಯನ್ನು ಬಟ್ಟಲಿಗೇ ಬಿಟ್ಟ. "ಮತ್ತೆ... ಊಟದ ವಿಷಯ?"

"ಊಟದ ವಿಷಯ ನಾನು ಕೇಳಲೇ ಇಲ್ವಲ್ಲ."

ಎಲ್ಲರ ದವಡೆಯೂ ನಿಂತಿತು. ತಲೆ ಎತ್ತಿ ನೋಡಿದರೆ ಸುರುಳಿ ಬತ್ತಿ ಇನ್ನೂ ಎರಡನೆಯ ಸುತ್ತಿನಲ್ಲಿ ಆರಾಮಾಗಿ ಹೊಗೆಯಾಡುತ್ತಿತ್ತು. ಬಾಯಲ್ಲಿದ್ದದ್ದನ್ನು ಹೊರಗೆ ತೆಗೆಯುವಂತಿಲ್ಲವಲ್ಲ, ತೋಮ್ ಅಜ್ಜಿ ಮೊದಲು ನುಂಗಿದರು.

"ಆಗಿದ್ದು ಆಯ್ತು ಬಿಡಿ. ನಾಳೆ ಅಳಿಯಂದ್ರು ಇನ್ನೊಂದ್ಸಲ ಹೊಸದಾಗಿ ಮಾಡಿ ಎಡೆ ಇಡ್ತಾರೆ" ಎಂದರು ಅತ್ತೆ.

ಖಿಯೆಮ್ ಮಾವನ ಫೋಟೋ ನೋಡಿದ. ನಲವತ್ತು ವರ್ಷ ಅತ್ತೆಯೊಡನೆ ಬಾಳಿ, ಅವರ ಗಡುವುಗಳನ್ನೆಲ್ಲ ಕಂಡಿದ್ದ ಆ ಮನುಷ್ಯ ಎರಡು ಸಲ ಯಾಕೆ ನಕ್ಕರು, ಮೂರನೆಯ ಸಲ ಯಾಕೆ ಅಷ್ಟು ಬೇಗ ಒಪ್ಪಿದರು ಎಂಬುದು ಅವನಿಗೆ ಆಗ ಅರ್ಥವಾಯಿತು. ಎದ್ದು, ಬಾಗಿಲ ಪಕ್ಕದಲ್ಲಿದ್ದ ಚೀಲವನ್ನು ಎತ್ತಿ ತಂದು ಮಂಚದ ಕೆಳಗೆ ಇಟ್ಟ.