ಮರಳ ಮೇಲಿನ ಸಮುದ್ರಯಾನ

ಹೆಸರಿಲ್ಲದ ದೋಣಿ ನೀರಿಗಿಳಿಯತಕ್ಕದ್ದಲ್ಲ. ನೀರಿಗಿಳಿಯದ ದೋಣಿಗೆ ಹೆಸರಿರತಕ್ಕದ್ದಲ್ಲ. ಮೊದಲನೆಯದು ನೌಕಾ ಪರಂಪರೆ ರಕ್ಷಣಾ ಇಲಾಖೆಯ ನಿಯಮ. ಎರಡನೆಯದು ಆ ಇಲಾಖೆ ರಕ್ಷಿಸುತ್ತಿರುವ ಪರಂಪರೆ.

ನಮ್ಮ ಕಾರಿಯಾಕೂ ದ್ವೀಪದಲ್ಲಿ ದೋಣಿಯ ಹೆಸರನ್ನು ಬಾವುಟದ ಮೇಲೆ ಹೊಲಿದು, ಸುತ್ತಿ, ಕಂಬಕ್ಕೆ ಕಟ್ಟಿಡುತ್ತಾರೆ. ತಳಕ್ಕೆ ಉಪ್ಪುನೀರು ತಗುಲಿದ ಮೇಲೇ ಬಿಚ್ಚುವುದು. ಮೊದಲೇ ಬಾಯಿಬಿಟ್ಟರೆ ದೋಣಿ ಮುಳುಗುತ್ತದೆ. ನನ್ನ ಅಣ್ಣನ ಮಗ ಗಾಡ್‌ವಿನ್, ಹಳೆಯ ದೋಣಿ ಬಂಡೆಗೆ ಬಡಿದು ಚೂರಾದ ಮೇಲೆ, ದಡದ ಮರಳಲ್ಲಿ ಹೊಸದನ್ನು ಕಟ್ಟಿದ. ಮೀನು ಹಿಡಿಯದಿದ್ದರೆ ಅವನ ಒಲೆ ಉರಿಯದು. ನನ್ನ ಸಲಹೆ ಇಲ್ಲದಿದ್ದರೆ ಅದು ದೋಣಿಯಾಗದೆ ಶವಪೆಟ್ಟಿಗೆಯಾಗುತ್ತಿತ್ತು ಎಂದು ಊರೆಲ್ಲ, ಅಂದರೆ ನಾನು, ಹೇಳುತ್ತೇವೆ.

ಇಳಿಸುವ ದಿನ ಆಡು ಕಡಿದಾಯಿತು, ದೋಣಿಯ ಮೂತಿಗೆ ರಮ್ ಸುರಿದಾಯಿತು, ಊರವರು ಹಗ್ಗ ಹಿಡಿದಾಯಿತು. ಆಗ ಇಲಾಖೆಯ ಪ್ರುಡೋಮ್ ಸಾಹೇಬರು ಬಂದರು.

"ದೋಣಿ ಹೆಸರೇನಪ್ಪ?"

"ನೀರಿಗಿಳಿದ್ಮೇಲೆ ಗೊತ್ತಾಗುತ್ತೆ ಸಾರ್," ಅಂದ ಗಾಡ್‌ವಿನ್.

"ಹೆಸರಿಲ್ದೆ ಅನುಮತಿ ಕೊಡಕ್ಕಾಗಲ್ಲ."

ಅವನ ಹೆಂಡತಿ ಅರ್ಸುಲಾ ಸೊಂಟದ ಮೇಲೆ ಕೈಯಿಟ್ಟಳು. "ಹುಟ್ಟೋ ಮುಂಚೆ ಮಗೂಗೆ ಯಾರಾದ್ರೂ ಹೆಸರಿಡ್ತಾರಾ ಸಾರ್?"

"ಆ ಖಾತೆ ನಮಗೆ ಬಂದಿದ್ರೆ, ಹೆಸರಿಡದೆ ಹುಟ್ಟಕ್ಕೇ ಬಿಡ್ತಿರಲಿಲ್ಲ ಕಣಮ್ಮ."

ಹಗ್ಗ ಹಿಡಿದವರು ಹಿಡಿದೇ ನಿಂತರು. ಇಂಥ ಸಂಕಟದಲ್ಲಿ ದ್ವೀಪಕ್ಕಿರುವ ಬುದ್ಧಿ ಒಂದೇ, ನನ್ನದು. ಒಂದು ಬಕೆಟ್ ಸಮುದ್ರ ತಂದು ದೋಣಿಯ ತಳಕ್ಕೆ ಎರಚಿದೆ. ಉಪ್ಪುನೀರು ತಗುಲಿತು. ಅರ್ಸುಲಾ ಬಾವುಟ ಬಿಚ್ಚಿದಳು: ‘ಹೊರಟೇಬಿಟ್ಟೆ’.

ಸಾಹೇಬರು ಗಂಟಲು ಸರಿಮಾಡಿಕೊಂಡು ಘೋಷಿಸಿದರು: "ಬಾವುಟ ಬಿಚ್ಚಿರುವುದರಿಂದ, ಪರಂಪರೆಯ ಪ್ರಕಾರ ಸದರಿ ದೋಣಿಯು ನೀರಿಗಿಳಿದಿರುತ್ತದೆ. ಇಳಿದ ದೋಣಿಯನ್ನು ಮತ್ತೊಮ್ಮೆ ಇಳಿಸುವುದು ಅಪರಾಧವಾಗಿರುತ್ತದೆ."

"ಸಾರ್, ಅದು ಮರಳ ಮೇಲಿದೆ," ಅಂದ ಗಾಡ್‌ವಿನ್.

"ಅದು ನಿನ್ನ ಅಭಿಪ್ರಾಯ."

ಅಂದಿನಿಂದ ‘ಹೊರಟೇಬಿಟ್ಟೆ’ ಯಾನದಲ್ಲಿದೆ. ಗಾಡ್‌ವಿನ್ ಉಪ್ಪುಮೀನು ಸಾಲ ಕೇಳಲು ಅಂಗಡಿಗೆ ಹೋದ. ಅಂಗಡಿಯ ಲವೀನಿಯಾ ತಲೆಯೆತ್ತಲಿಲ್ಲ. "ನಡುಸಮುದ್ರದಲ್ಲಿದ್ದೀಯ. ಹಿಡ್ಕೊಂಡು ತಿನ್ನೋ, ಸೋಮಾರಿ."

ಮಾತು ನ್ಯಾಯವಾಗಿತ್ತು. ಅವನು ವಾಪಸ್ ಬಂದು ದೋಣಿ ಹತ್ತಿ, ಮರಳಿಗೆ ಗಾಳ ಬಿಟ್ಟು ಕುಳಿತ. ಈವರೆಗೆ ಒಂದು ಏಡಿ ಸಿಕ್ಕಿದೆ. ಗಾಳಿ ಜೋರಾದ ದಿನ ವಾಂತಿಯೂ ಆಗುತ್ತದೆ.

ಸಂಜೆ ಅರ್ಸುಲಾ ಜೋಳದ ಮುದ್ದೆಯ ಪಾತ್ರೆಯನ್ನು ತಲೆಯ ಮೇಲಿಟ್ಟು, ಲಂಗವನ್ನು ಮೊಣಕಾಲಿನ ಮೇಲಕ್ಕೆತ್ತಿ, ಒಣಮರಳಲ್ಲಿ ಹುಷಾರಾಗಿ ಹೆಜ್ಜೆಯಿಡುತ್ತಾ ಗಂಡನಿಗೆ ಊಟ ಒಯ್ಯುತ್ತಾಳೆ. ಬಡಾಯಿಯಲ್ಲ, ಆಳ ಎಲ್ಲೆಲ್ಲಿದೆ ಎಂದು ಅವಳಿಗೆ ತೋರಿಸಿಕೊಟ್ಟವನು ನಾನೇ.