ಗೀರು ಬಿದ್ದರೆ ಕೀಲಿ ನನಗೆ

"ಈಜು ಕಲಿಯೋಕೆ ಯಾರಾದ್ರೂ ಬಾವಿ ಕೊಂಡ್ಕೊಳ್ತಾರೇನ್ರೀ?"

ಮನೆ ಮುಂದೆ ನಿಂತಿದ್ದ ಹಳೆಯ ನೀಲಿ ಕಾರನ್ನು ನೋಡಿ ಟೈಲರಮ್ಮ ಗಂಡನನ್ನು ಕೇಳಿದ ಮೊದಲ ಪ್ರಶ್ನೆ ಇದು. ಡ್ರೈವಿಂಗ್ ಸ್ಕೂಲಿನಲ್ಲಿ ವಾರಕ್ಕೆ ಎರಡೇ ಪಾಠ. ನಡುವಿನ ದಿನಗಳಲ್ಲಿ ಅಭ್ಯಾಸ ಮಾಡದಿದ್ದರೆ ಕೈ ಕೂರುವುದಿಲ್ಲ ಎಂದು ಟೈಲರ್ ತಾವೇ ತೀರ್ಮಾನಿಸಿ, ಮನೆಯಲ್ಲಿ ತುಟಿಪಿಟಕ್ಕೆನ್ನದೆ ಕಾರು ಕೊಂಡಿದ್ದರು. ಮಾರಿದವನೇ ಅದನ್ನು ತಂದು ನಿಲ್ಲಿಸಿ, ಕೀಲಿ ಕೊಟ್ಟು, ಬಸ್ಸು ಹತ್ತಿ ಹೋಗಿದ್ದ.

"ಹೊಲಿಗೆ ಕಲಿಯೋಕೆ ಮೊದ್ಲು ಮೆಷಿನ್ ಕೊಳ್ಳಲಿಲ್ವಾ ನಾನು? ಇದೂ ಹಂಗೇ ಕಣೇ. ಕಾಲಲ್ಲಿ ಒತ್ತೋದು, ಕೈಯಲ್ಲಿ ಚಕ್ರ. ಇಪ್ಪತ್ತೈದು ವರ್ಷದಿಂದ ಅದನ್ನೇ ಮಾಡ್ತಿದೀನಿ."

"ಸರಿ, ಸಂಜೆವರೆಗೂ ಓಡಿಸಿ. ಒಂದೇ ಒಂದು ಗೀರು ಬಿದ್ರೂ ಕೀಲಿ ನನ್ನ ಕೈಗೆ. ಆಮೇಲೆ ಕಾರಿನ ಸುದ್ದಿ ಎತ್ತೋ ಹಾಗಿಲ್ಲ."

"ಎದೆ ತಟ್ಟಿ ಹೇಳ್ತೀನಿ..." ಎಂದು ಟೈಲರ್ ನಿಜವಾಗಿಯೂ ಎದೆ ತಟ್ಟಿಕೊಂಡು "ಅಯ್ಯಯ್ಯೋ!" ಎಂದರು. ಅಂಗಿಯ ಜೇಬಿನ ಪಕ್ಕದ ಅಂಚಿಗೆ ಒಂದರ ಕೆಳಗೊಂದು ಗುಂಡುಸೂಜಿ ಸಿಕ್ಕಿಸಿಕೊಳ್ಳುವುದು ಅವರ ಅಭ್ಯಾಸ. ರಜೆಯ ದಿನವೂ ಅದು ಬಿಡದು.

ಕಲಿಯುವವರ ಪಕ್ಕ ಲೈಸೆನ್ಸ್ ಇರುವವರು ಕೂರಬೇಕು. ಎದುರುಮನೆಯ ರಿಟೈರ್ಡ್ ಬಸ್ ಕಂಡಕ್ಟರ್ ಕರೆಯುವ ಮೊದಲೇ ಬಾಗಿಲು ತೆಗೆದು ಕೂತಾಗಿತ್ತು.

"ಲೈಸೆನ್ಸ್ ಇದೆ ತಾನೇ ಅಣ್ಣ?"

"ಮೂವತ್ತು ವರ್ಷದಿಂದ ಜೇಬಲ್ಲೇ ಇದೆ ಟೈಲರೇ! ನಡೀರಿ, ರೈಟ್!"

ಟೈಲರಮ್ಮ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಕಾರು ನಾಲ್ಕು ಸಲ ಬಿಕ್ಕಳಿಸಿ ಹೊರಟೇಬಿಟ್ಟಿತು.

ತೊಂದರೆ ಇದ್ದದ್ದು ಆ 'ರೈಟ್'ನಲ್ಲಿ. ಕಂಡಕ್ಟರ್ ಬಾಯಲ್ಲಿ ಅದಕ್ಕೆ 'ಹೋಗಲಿ' ಎಂದರ್ಥ. ಡ್ರೈವಿಂಗ್ ಮಾಸ್ತರ ಬಾಯಲ್ಲಿ 'ಬಲಕ್ಕೆ ತಿರುಗಿಸು' ಎಂದು. ಟೈಲರ್ ಮಾಸ್ತರ ಶಿಷ್ಯ. ಪ್ರತಿ ಮೂಲೆಯಲ್ಲೂ ಕಂಡಕ್ಟರ್ ಕತ್ತು ಹೊರಗೆ ಚಾಚಿ, ಯಾರೂ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು "ರೈಟ್ ರೈಟ್!" ಎನ್ನುವರು. ಟೈಲರ್ ಬಲಕ್ಕೆ ತಿರುಗಿಸುವರು. ನಾಲ್ಕು ಮೂಲೆ ಮುಗಿದಾಗ ಮತ್ತೆ ಅವರದೇ ಮನೆ.

ಮೊದಲ ಸುತ್ತಿಗೆ ಪಕ್ಕದ ಮನೆ ಅಜ್ಜಿ ಕೈಬೀಸಿದರು. ಎರಡನೇ ಸುತ್ತಿಗೆ "ಏನಾದ್ರೂ ಮರ್ತು ಹೋಗಿದ್ರೇನಪ್ಪಾ?" ಎಂದರು. ಮೂರನೇ ಸುತ್ತಿಗೆ ಕುರ್ಚಿ ತಂದು ಹಾಕಿಕೊಂಡು ಕೂತರು.

"ಟೈಲರೇ, ಊರೊಳಗೆ ಹೋಗೋದೋ ಇಲ್ಲ ಪ್ರದಕ್ಷಿಣೆ ಹಾಕ್ತಾನೇ ಇರೋದೋ?"

"ನೀವೇ ಅಲ್ವೇ ಅಣ್ಣ ರೈಟ್ ರೈಟ್ ಅಂತಿರೋದು!"

"ರೈಟ್ ಅಂದ್ರೆ ಹೋಗಿ ಅಂತ ಕಣ್ರೀ! ನೇರ ನೋಡಿ! ಹೋಲ್ಡಾನ್! ಹೋಲ್ಡಾನ್!"

ಎದುರಿಗೆ ಕಟ್ಟುತ್ತಿದ್ದ ಮನೆಯ ಮರಳಿನ ರಾಶಿ. ಹೊಲಿಗೆ ಮೆಷಿನ್ ನಿಲ್ಲಿಸಲು ಟೈಲರ್ ಇಪ್ಪತ್ತೈದು ವರ್ಷದಿಂದ ಮಾಡುತ್ತಿದ್ದುದನ್ನೇ ಈಗಲೂ ಮಾಡಿದರು. ಚಕ್ರವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದರು. ಸ್ಕೂಲಿನ ಕಾರು ಹೀಗೆ ಹಿಡಿದಾಗಲೆಲ್ಲ ಮರ್ಯಾದೆಯಿಂದ ನಿಂತಿತ್ತು. ಈ ಕಾರು ನಿಲ್ಲಲಿಲ್ಲ. ಮೆತ್ತಗೆ ರಾಶಿ ಹತ್ತಿ, ಮೂಗಿನವರೆಗೂ ಮರಳಲ್ಲಿ ಹೂತು, ಆಫ್ ಆಯಿತು.

ಬೀದಿಯೇ ಓಡಿ ಬಂತು. ಟೈಲರಮ್ಮನೂ ಬಂದರು.

"ಬ್ರೇಕ್ ಯಾಕ್ರೀ ಒತ್ತಲಿಲ್ಲ?"

"ಹಿಡಿದೆನಲ್ಲೇ! ಸ್ಕೂಲ್ ಕಾರು ಹಿಂಗೇ ನಿಲ್ತಿತ್ತು."

"ಅಲ್ಲಿ ಮಾಸ್ತರ ಕಾಲಡಿ ಇನ್ನೊಂದು ಬ್ರೇಕ್ ಇರತ್ತೆ ಕಣ್ರೀ! ನೀವು ಬಿಗಿಯಾಗಿ ಹಿಡಿದಾಗೆಲ್ಲ ಅವ್ರು ಹೆದರ್ಕೊಂಡು ಒತ್ತಿರ್ತಾರೆ!"

ಟೈಲರ್ ಮುಖ ಸಪ್ಪಗಾಯಿತು. "ಅಣ್ಣ, ನೀವಾದ್ರೂ ಹಿಂದಕ್ಕೆ ತೆಗೀರಿ," ಎಂದರು. ಕಂಡಕ್ಟರ್ ಜೇಬಿನಿಂದ ಲೈಸೆನ್ಸ್ ತೆಗೆದು, ನಾಚಿಕೊಂಡು ತೋರಿಸಿದರು. ಅದು ಕಂಡಕ್ಟರ್ ಲೈಸೆನ್ಸ್. "ಟಿಕೆಟ್ ಬೇಕಾದ್ರೆ ಹರಿದು ಕೊಡಬಹುದು ಟೈಲರೇ."

ಟೈಲರಮ್ಮ ನಿಟ್ಟುಸಿರು ಬಿಟ್ಟು ಕಾರೊಳಗೆ ಕೂತರು. ಕನ್ನಡಿ ಸರಿಮಾಡಿಕೊಂಡು, ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಕಾರನ್ನು ಹಿಂದಕ್ಕೆ ತೆಗೆದು ರಸ್ತೆ ಬದಿ ನಿಲ್ಲಿಸಿದರು. ಟೈಲರ್ ಬಾಯಿ ತೆರೆದದ್ದು ಮುಚ್ಚಲಿಲ್ಲ.

"ನಿಮ್ಮ ಪಕ್ಕ ಕೂರೋಕೆ ಒಬ್ರು ಬೇಕಲ್ಲ ಅಂತ ಅದೇ ಮಾಸ್ತರ ಹತ್ರ ಕಲಿತೆ. ಹೋದ ವಾರ ಲೈಸೆನ್ಸ್ ಬಂತು. ಬೆಳಿಗ್ಗೆ ಹೇಳೋಣ ಅಂದ್ರೆ ನೀವು ನಿಂತ್ರೆ ತಾನೇ?"

"ಮನೇಲಿ ಕಾರಿಲ್ದೆ ಅಭ್ಯಾಸ ಹೇಗೆ ಮಾಡ್ದೆ?"

"ಮಾಸ್ತರು ಹೇಳಿದ್ದನ್ನ ಕೇಳಿಸ್ಕೊಂಡೆ."

ಟೈಲರ್‌ಗೆ ಅವಮಾನವಾಯಿತು, ಹೆಂಡತಿಯ ಮೇಲೆ ಹೆಮ್ಮೆಯೂ ಆಯಿತು. ಆಗ ಗೀರಿನ ಷರತ್ತು ನೆನಪಾಯಿತು. ಮರಳು ಒರೆಸಿ ಕಾರನ್ನು ಇಂಚಿಂಚಾಗಿ ಪರೀಕ್ಷಿಸಿದರು. ಅಜ್ಜಿಯೂ ಕನ್ನಡಕ ಹಾಕಿಕೊಂಡು ಸುತ್ತು ಬಂದರು. ಎಲ್ಲೂ ಏನೂ ಇಲ್ಲ.

"ಒಂದು ಗೀರೂ ಇಲ್ಲ ಕಣೇ! ಕಾರು ನಂದೇ!" ಎಂದು ಕೂಗುತ್ತ ಟೈಲರ್ ಸಂತೋಷ ತಡೆಯಲಾರದೆ ಕಾರನ್ನೇ ಎದೆಗೊತ್ತಿಕೊಂಡು ಅಪ್ಪಿಕೊಂಡರು. ಅಪ್ಪಿಕೊಂಡೇ ಹಿಂಬಾಗಿಲಿನಿಂದ ಮುಂಬಾಗಿಲಿನವರೆಗೆ ಸರಿದು ಬಂದರು.

ಕರ್ರ್ ಎಂದಿತು.

ನೀಲಿ ಬಣ್ಣದ ಮೇಲೆ ಮೂರು ಬಿಳಿ ಗೀರು, ಅಂತರ ಸಮ, ಪಟ್ಟಿ ಇಟ್ಟು ಎಳೆದಷ್ಟು ನೇರ. ಟೈಲರ್ ತಲೆ ಬಗ್ಗಿಸಿ ತಮ್ಮ ಜೇಬಿನ ಅಂಚು ನೋಡಿಕೊಂಡರು. ಮೂರು ಗುಂಡುಸೂಜಿ.

ಕೀಲಿ ಕೇಳುವ ಕಷ್ಟವೂ ಟೈಲರಮ್ಮನಿಗೆ ಬರಲಿಲ್ಲ. ಅದು ಆಗಲೇ ಅವರ ಕೈಲಿತ್ತು.

"ಹತ್ತಿ," ಎಂದರು. ಟೈಲರ್ ಸೂಜಿಗಳನ್ನು ಒಂದೊಂದಾಗಿ ಕಿತ್ತು ಅಜ್ಜಿಯ ಕೈಗೆ ಕೊಟ್ಟು, ಪಕ್ಕದ ಸೀಟಿನಲ್ಲಿ ಕೂತರು.

"ರೈಟ್!" ಎಂದರು ಹಿಂದಿನ ಸೀಟಿನಿಂದ ಕಂಡಕ್ಟರ್.

ಕಾರು ನೇರವಾಗಿ ಹೋಯಿತು.