ಫ್ರೆಂಚಿನಲ್ಲಿ ಕ್ಷೇಮಸಮಾಚಾರ

ಹಳೇಬೀಡಿನ ಗೈಡ್ ಚಿದಂಬರಪ್ಪನವರಿಗೆ ಫ್ರೆಂಚರ ಮೇಲೆ ಯಾವ ದ್ವೇಷವೂ ಇರಲಿಲ್ಲ. ದ್ವೇಷವೆಲ್ಲ ಅವರ ಜೊತೆ ಬಸ್ಸಿನಿಂದ ಇಳಿಯುತ್ತಿದ್ದ ಬೆಂಗಳೂರಿನ ದುಭಾಷಿಯ ಮೇಲೆ. ಆತ ಗುಡಿಯ ಗೋಡೆಯಲ್ಲಿ ಕೈಲಾಸ ಎತ್ತುವ ರಾವಣನ ಶಿಲ್ಪದ ಮುಂದೆ ನಿಂತು ಏನೋ ಹೇಳುತ್ತಿದ್ದ, ಫ್ರೆಂಚರು ಗೊಳ್ಳೆಂದು ನಗುತ್ತಿದ್ದರು. ರಾವಣನನ್ನು ನೋಡಿ ನಗುವಂಥದ್ದೇನಿದೆ? ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಆ ರಾವಣನನ್ನು ಜಗತ್ತಿಗೆಲ್ಲ ಪರಿಚಯಿಸಿದ್ದ ಚಿದಂಬರಪ್ಪನವರು ಆಗ ಎರಡು ಕಂಬದಾಚೆ, ಕರೆಯದೆ ಮದುವೆಗೆ ಬಂದವರ ಹಾಗೆ ನಿಂತಿರಬೇಕಾಗುತ್ತಿತ್ತು. ತಮ್ಮ ಗುಡಿಯಲ್ಲೇ ತಾವು ಪರದೇಶಿಯಾದ ಸಂಕಟ ಅವರನ್ನು ವರ್ಷಗಟ್ಟಲೆ ತಿಂದಿತ್ತು.

ತೊಂಬತ್ತೆಂಟನೇ ಇಸವಿಯಲ್ಲಿ ಅವರ ಅದೃಷ್ಟ ಕಣ್ಣು ತೆರೆಯಿತು. ಬೆಂಗಳೂರಿನ ಪ್ರವಾಸದ ಕಂಪನಿಯೊಂದು ಇನ್ನುಮುಂದೆ ದುಭಾಷಿಯನ್ನು ಕಳಿಸುವುದಿಲ್ಲವೆಂದಿತು. ಫ್ರೆಂಚಿನಲ್ಲಿ ಸ್ವಾಗತಿಸಿ ನಾಲ್ಕು ಮಾತಾಡಬಲ್ಲ ಸ್ಥಳೀಯ ಗೈಡಿಗೇ ತಂಡಗಳನ್ನು ಒಪ್ಪಿಸುತ್ತದಂತೆ. ಉಳಿದದ್ದು ಇಂಗ್ಲಿಷಿನಲ್ಲಾದರೂ ನಡೆಯುತ್ತದಂತೆ. ದೀಪಾವಳಿಗೆ ಮುಂಚೆ ಒಂದು ಪರೀಕ್ಷೆ. ಅದಕ್ಕೆ ನಿಂತವರು ಇಬ್ಬರೇ: ಇವರು ಮತ್ತು ಬೇಲೂರಿನ ಗೈಡ್ ಕರಿಬಸವಯ್ಯ.

ಚಿದಂಬರಪ್ಪನವರು ಅರಸೀಕೆರೆಗೆ ಹೋಗಿ, ರೈಲು ನಿಲ್ದಾಣದ ಎದುರಿನ ಅಂಗಡಿಯಿಂದ ಕನ್ನಡ ಅಕ್ಷರದಲ್ಲೇ ಫ್ರೆಂಚ್ ಕಲಿಸುವ ಒಂದು ಪುಸ್ತಕ ತಂದರು. ಆದರೆ ಒಬ್ಬರೇ ಕೂತು ಭಾಷೆ ಕಲಿಯುವುದೆಂದರೆ ಒಬ್ಬರೇ ಕೂತು ಚೌಕಾಬಾರ ಆಡಿದಂತೆ. ಎದುರಿಗೊಬ್ಬರು ಬೇಕು. ಮಗಳು ಗಂಡನ ಮನೆ ಸೇರಿದ್ದಳು. ಉಳಿದವರು ಅವರ ಧರ್ಮಪತ್ನಿ ಮಹದೇವಮ್ಮನವರು. ಆಕೆ ಅಕ್ಕಿರೊಟ್ಟಿ ತಟ್ಟುತ್ತಿದ್ದಾಗ ಇವರು ಅಡುಗೆಮನೆ ಬಾಗಿಲಲ್ಲಿ ಪ್ರತ್ಯಕ್ಷರಾದರು.

"ಬೋಂಜೂರ್ ಮದಾಮ್! ಕೊಮಾಂತಾಲೇ ವೂ?"

"ಯಾರ್ ಬಂದವ್ರೆ?" ಎಂದು ಮಹದೇವಮ್ಮ ಬೀದಿಯ ಕಡೆ ಕತ್ತು ಚಾಚಿದರು.

"ನಿನಗೇ ಕಣೇ ಹೇಳಿದ್ದು! ನಮಸ್ಕಾರ ಅಮ್ಮಾವ್ರೇ, ಹೇಗಿದ್ದೀರಿ ಅಂತ."

ಮಹದೇವಮ್ಮನವರ ಕೈ ರೊಟ್ಟಿಯ ಮೇಲೇ ನಿಂತುಬಿಟ್ಟಿತು. ಮದುವೆಯಾಗಿ ಇಪ್ಪತ್ತಾರು ವರ್ಷ. ಇಷ್ಟು ದಿನ ಆಕೆ 'ಇವಳೇ' ಆಗಿದ್ದರು, 'ಕೇಳಿಸ್ತೇನೇ' ಆಗಿದ್ದರು, ನೆಂಟರೆದುರು 'ನಮ್ಮ ಮನೇಲಿ' ಆಗಿದ್ದರು. (ಗೋಡೆ, ಸೂರು, ಹೆಂಡತಿ ಎಲ್ಲವೂ ಸೇರಿ ಒಂದೇ ಮಾತು.) 'ಅಮ್ಮಾವ್ರೇ' ಎಂದೂ ಆಗಿರಲಿಲ್ಲ. ಹೇಗಿದ್ದೀರಿ ಎಂದು ಆ ಮನೆಯಲ್ಲಿ ಯಾರೂ ಯಾರನ್ನೂ ಕೇಳುವ ವಾಡಿಕೆಯೇ ಇರಲಿಲ್ಲ.

"ಅದಕ್ಕೆ ನೀನು ತ್ರೆ ಬಿಯಾಂ, ಮೆರ್ಸಿ ಅನ್ಬೇಕು. ಬಹಳ ಚೆನ್ನಾಗಿದ್ದೀನಿ, ನಿಮ್ಮ ಉಪಕಾರ ಅಂತ."

ಮಹದೇವಮ್ಮ ಉರಿ ತಗ್ಗಿಸಿ ಯೋಚಿಸಿದರು. "ಬಾಳ ಚೆನ್ನಾಗಿದೀನಿ ಅಂತ ಯಾಕೆ ಹೇಳ್ಲಿ? ಎಡಗಡೆ ಮಂಡಿ ಹಿಡ್ಕಂಡು ವಾರ ಆಯ್ತು. ಕೂತ್ರೆ ಏಳಕ್ಕಾಗಲ್ಲ, ಎದ್ರೆ ಕೂರಕ್ಕಾಗಲ್ಲ."

"ಪುಸ್ತಕದಲ್ಲಿ ಮಂಡಿ ಇಲ್ಲ!"

"ನನ್ ಕಾಲಲ್ಲಿ ಐತಲ್ಲ!"

ಅಂದಿನಿಂದ ದಿನವೂ ಇದೇ ಪಾಠ. ಇವರು ಫ್ರೆಂಚಿನಲ್ಲಿ ಕೇಳುವುದು, ಆಕೆ ಕನ್ನಡದಲ್ಲಿ ನಿಜ ಹೇಳುವುದು. ಮಂಡಿಯ ನಂತರ ಸೊಂಟ ಬಂತು. ಸೊಂಟದ ನಂತರ, ಮಾದಿಹಳ್ಳಿಯಲ್ಲಿರುವ ಆಕೆಯ ತಮ್ಮ ತನ್ನ ಮನೆಯ ಗೃಹಪ್ರವೇಶಕ್ಕೆ ಬಾಯಿಮಾತಿಗೂ ಕರೆಯದಿದ್ದ ದುಃಖ ಬಂತು. ಇವರು ಹಣೆ ಚಚ್ಚಿಕೊಂಡರು.

"ಕೇಳಿದ್ದಕ್ಕೆಲ್ಲ ಹೇಳ್ತಾ ಕೂರಬಾರದು ಕಣೇ. ಅದು ಮರ್ಯಾದೆಗೆ ಕೇಳೋದು."

"ಮರ್ಯಾದೆಗೆ ಕೇಳಿದ್ರೆ ಮರ್ಯಾದೆಯಾಗಿ ಕೇಳಿಸ್ಕಳಿ! ಅದಿರ್ಲಿ, ಊಟ ಆಯ್ತಾ ಅನ್ನಕ್ಕೆ ಏನಂತಾರೆ?"

ಚಿದಂಬರಪ್ಪನವರು ಪುಟ ತಿರುವಿದರು. ನಮಸ್ಕಾರದ ಪಾಠದಲ್ಲಿ ಊಟವಿರಲಿಲ್ಲ.

"ಅಯ್ಯೋ ಪಾಪ," ಎಂದರು ಮಹದೇವಮ್ಮ, ಇಡೀ ಫ್ರಾನ್ಸ್ ದೇಶವನ್ನು ನೆನೆದು.

ಆಕೆ ಬೈದುಕೊಂಡೇ ಕಾಯತೊಡಗಿದ್ದು ಚಿದಂಬರಪ್ಪನವರಿಗೆ ತಿಳಿಯಲಿಲ್ಲ. ಪಾಠದ ಹೊತ್ತಿಗೆ ಒಲೆ ಆರಿರುತ್ತಿತ್ತು, ಕೈ ಒರೆಸಿಯಾಗಿರುತ್ತಿತ್ತು, ಸೆರಗು ಸರಿಯಾಗಿರುತ್ತಿತ್ತು. ಇವರು ಮಾತ್ರ ಗೋಡೆಯ ಕನ್ನಡಿಯಲ್ಲಿ ತಮ್ಮ ತುಟಿ ನೋಡಿಕೊಳ್ಳುತ್ತಿದ್ದರು. ಫ್ರೆಂಚಿಗೆ ತುಟಿ ಮುಂದೆ ಬರಬೇಕೆಂದು ಪುಸ್ತಕ ಹೇಳಿತ್ತು.

ಪರೀಕ್ಷೆಯ ದಿನ ಬಸ್ಸು ಬಂತು. ಕಂಪನಿಯ ಕಡೆಯಿಂದ ಮೇಘಶ್ರೀ ಎಂಬ ಹುಡುಗಿ ಬಂದಿದ್ದಳು. ನಂದಿಮಂಟಪದ ಹತ್ತಿರ, ಹುಲ್ಲಿನ ಟೋಪಿಯ ಬೆಳ್ಳಿಗೂದಲ ಅಜ್ಜಿಯೊಬ್ಬರ ಮುಂದೆ ಚಿದಂಬರಪ್ಪನವರು ಕೈಮುಗಿದು, ತುಟಿ ಮುಂದೆ ತಂದು, ಒಂದಕ್ಷರ ತಪ್ಪದಂತೆ ಕೇಳಿದರು.

"ತ್ರೆ ಬಿಯಾಂ, ಮೆರ್ಸಿ," ಎಂದರು ಅಜ್ಜಿ. "ಎ ವೂ?"

ಹಾಗೆಂದರೆ 'ನೀವು ಹೇಗಿದ್ದೀರಿ?' ಪುಸ್ತಕದಲ್ಲಿ ಇತ್ತು. ಅರ್ಥವೂ ಗೊತ್ತಿತ್ತು. ಆದರೆ ಮನೆಯ ಪಾಠ ಒಂದು ದಿನವೂ ಮಂಡಿ ದಾಟಿ ಅಲ್ಲಿಯವರೆಗೆ ಬಂದಿರಲಿಲ್ಲ. ಅಜ್ಜಿ ಮುಖವನ್ನೇ ನೋಡುತ್ತ ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದರು. ತ್ರೆ ಬಿಯಾಂ ಎನ್ನಲು ಚಿದಂಬರಪ್ಪನವರು ಬಾಯಿ ತೆರೆದರು. ಹೊರಬಂದದ್ದು ಅದಲ್ಲ.

"ಏನ್ ಹೇಳ್ಲಿ ತಾಯಿ," ಎಂದರು ಅಚ್ಚಕನ್ನಡದಲ್ಲಿ. "ರಾತ್ರಿ ಎಲ್ಲಾ ಹೊಟ್ಟೆ ಉರೀತದೆ. ನಿದ್ದೆ ಇಲ್ಲ. ಅಪ್ಪ ಹೋದಾಗಲೂ ಹನ್ನೊಂದು ದಿನ ಕಳೀಲಿಲ್ಲ, ಇಲ್ಲಿ ಬಂದು ನಿಂತೆ. ಯಾರೂ ಕೇಳ್ಲಿಲ್ಲ. ನನ್ನ ಗುಡಿ ತಾಯಿ ಇದು, ನಾನೇ ಕಂಬದ ಹಿಂದೆ ನಿಂತ್ಕೋಬೇಕು..."

ಅಜ್ಜಿಗೆ ಒಂದು ಮಾತೂ ಅರ್ಥವಾಗಲಿಲ್ಲ, ಆದರೆ ಅವರ ಕೈ ಹಿಡಿದುಕೊಂಡರು. ತಂಡವೆಲ್ಲ ಸುತ್ತ ನೆರೆಯಿತು. ಯಾವುದೋ ಪೂಜೆ ನಡೆಯುತ್ತಿದೆಯೆಂದು ಒಬ್ಬಿಬ್ಬರು ಟೋಪಿಯನ್ನೂ ತೆಗೆದರು. ಚಿದಂಬರಪ್ಪನವರು ಮುಗಿಸುವ ಹೊತ್ತಿಗೆ ಬೇಲೂರಿಗೆ ಹೊರಡುವ ಸಮಯವಾಗಿತ್ತು. ರಾವಣನನ್ನು ಯಾರೂ ನೋಡಲಿಲ್ಲ.

"ಗುಡಿ ತೋರಿಸೋದೇ ಮರೆತುಬಿಟ್ರಲ್ಲಾ ಸಾರ್," ಎಂದಳು ಮೇಘಶ್ರೀ, ನೊಂದುಕೊಂಡೇ.

ಬೇಲೂರಿನಲ್ಲಿ ಕರಿಬಸವಯ್ಯ ಒಂದೇ ಉಸಿರಿಗೆ ತ್ರೆ ಬಿಯಾಂ ಎಂದು ಮುಗಿಸಿದನಂತೆ. ಎರಡೂ ಊರಿನ ಫ್ರೆಂಚರು ಅವನ ಪಾಲಾದರು. ಚಿದಂಬರಪ್ಪನವರಿಗೆ ತಲೆ ಎತ್ತಲಾರದಷ್ಟು ಅವಮಾನವಾಯಿತು. ಆದರೂ ಎದೆ ಹಗುರವಾಗಿತ್ತು, ಮತ್ತು ಆ ಹಗುರವೇ ಹೆಚ್ಚು ನಾಚಿಕೆ ತರುತ್ತಿತ್ತು.

ಸಂಜೆ ಅವರು ಮನೆ ಮುಟ್ಟುವುದಕ್ಕೆ ಮೊದಲೇ, ಗುಡಿ ಬಾಗಿಲಲ್ಲಿ ಎಳನೀರು ಮಾರುವ ಹುಚ್ಚಮ್ಮ ಸುದ್ದಿ ಮುಟ್ಟಿಸಿದ್ದಳು.

"ಯಾರೋ ದೊರೆಸಾನಿ ಕೈ ಹಿಡ್ಕಂಡು ಅತ್ರಂತೆ," ಎಂದರು ಮಹದೇವಮ್ಮ.

"ಅಳಲಿಲ್ಲ. ಹೇಳ್ಕೊಂಡೆ."

"ಹೊಟ್ಟೆ ಉರೀತೈತೆ ಅಂತ ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲ!"

"ನೀವು ಕೇಳಿದ್ರಾ?"

"ದಿನಾ ಬೆಳಿಗ್ಗೆ ಕೇಳ್ತಿದ್ನಲ್ಲೇ!"

"ಕೇಳಿದ್ದು ನಿಮ್ ಪುಸ್ತಕ," ಎಂದರು ಮಹದೇವಮ್ಮ. ದನಿ ಏರಿಸಲಿಲ್ಲ. "ನಾನು ಹೇಳ್ತಿದ್ರೆ ನೀವು ಕನ್ನಡಿ ನೋಡ್ಕಂತಿದ್ರಿ."

ಮೂರು ಭಾಷೆಯ ಗೈಡ್ ಒಮ್ಮೆ ಕನ್ನಡಿಯ ಕಡೆ ನೋಡಿ ಮುಖ ತಿರುಗಿಸಿಕೊಂಡರು. ಅವರು ಅಡುಗೆಮನೆಯ ಹೊಸ್ತಿಲಲ್ಲೇ ಕೂತರು. ಮಾಡಬೇಕಾದದ್ದು ಏನೆಂದು ತಿಳಿದಿತ್ತು. ಆದರೆ ಫ್ರೆಂಚಿನಲ್ಲಿ ನೀರು ಕುಡಿದಷ್ಟು ಸಲೀಸಾಗಿದ್ದ ಮಾತು ಕನ್ನಡದಲ್ಲಿ ಹೊರಡಲಿಲ್ಲ. ಎರಡು ಸಲ ಕೆಮ್ಮಿದರು. ಅಂಗವಸ್ತ್ರದಲ್ಲಿ ಮುಖ ಒರೆಸಿಕೊಂಡರು.

"ಮಹದೇವಿ," ಎಂದರು ಕೊನೆಗೆ. "ಹೇಗಿದ್ದೀಯೇ?"

ಮಹದೇವಮ್ಮನವರು ಕಣ್ಣು ತುಂಬಿದ್ದನ್ನು ಸೆರಗಿನಲ್ಲಿ ಒತ್ತಿಕೊಂಡರು. ಆಮೇಲೆ ಒಲೆ ಆರಿಸಿ, ಮಣೆ ಎಳೆದುಕೊಂಡು, ಮಂಡಿ ಹಿಡಿದು ನಿಧಾನಕ್ಕೆ ಎದುರಿಗೆ ಕೂತರು.

"ಮಧ್ಯದಲ್ಲಿ ಎದ್ದು ಹೋಗಂಗಿಲ್ಲ."

"ಇಲ್ಲ."

"ನಮ್ ಮದ್ವೆ ದಿನ, ಧಾರೆ ಆದ್ಮೇಲೆ ನಿಮ್ಮವ್ವ ನಮ್ಮವ್ವಂಗೆ ಏನಂದ್ರು ಗೊತ್ತಾ?"

ಬೀದಿದೀಪ ಹತ್ತಿಕೊಂಡಾಗ ಆಕೆ ಇನ್ನೂ ಮದುವೆಮನೆಯ ಎರಡನೇ ಪಂಕ್ತಿಯ ಊಟದಲ್ಲಿದ್ದರು. ಚಿದಂಬರಪ್ಪನವರು ಹೊಟ್ಟೆಯ ಉರಿಯನ್ನು ಕೈಯಲ್ಲಿ ಅದುಮಿಕೊಂಡು ಹೂಂಗುಟ್ಟುತ್ತಿದ್ದರು. ಇನ್ನೂ ಇಪ್ಪತ್ತಾರು ವರ್ಷ ಬಾಕಿ ಇತ್ತು.